ನೂರಕ್ಕೆ ನೂರರ ಬೋರ್ಡು

ವೈಟ್‌ಫೀಲ್ಡ್ ಬಸ್ಸು ಹೋಗುವ ರಸ್ತೆಗೇ ಮುಖ ಮಾಡಿ ನಮ್ಮ ಹೈಸ್ಕೂಲಿನ ಬೋರ್ಡು ನಿಂತಿತ್ತು: ಎಸ್ಸೆಸ್ಸೆಲ್ಸಿ ಫಲಿತಾಂಶ, ನೂರಕ್ಕೆ ನೂರು. ಹೂಡಿಯ ಸುತ್ತಮುತ್ತಲಿನವರು ಅದನ್ನು ನೋಡಿಯೇ ಮಕ್ಕಳನ್ನು ಸೇರಿಸುತ್ತಿದ್ದರು. ನಮ್ಮಪ್ಪನಿಗೆ ಓದು ಬಾರದು, ಆ ಅಂಕಿ ಮಾತ್ರ ಗೊತ್ತಾಗುತ್ತಿತ್ತು.

ಹೆಡ್‌ಮಾಸ್ಟರ ಆಡಳಿತವನ್ನು ಹೊಗಳದವರೇ ಇರಲಿಲ್ಲ. ಗಂಟೆ ಒಂದು ನಿಮಿಷ ಹಿಂದೆಮುಂದೆ ಆಗುತ್ತಿರಲಿಲ್ಲ. ತಡವಾಗಿ ಬಂದ ಮೇಷ್ಟರುಗಳು ಗೇಟಿನಲ್ಲೇ ಸಿಕ್ಕಿಬೀಳುತ್ತಿದ್ದರು. ಆದರೆ ಆ ನೂರು ಹೇಗೆ ಬರುತ್ತದೆಂಬುದು ಹತ್ತನೇ ಕ್ಲಾಸಿಗೆ ಬಂದವರಿಗಷ್ಟೇ ತಿಳಿಯುತ್ತಿತ್ತು. ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಹೆಡ್‌ಮಾಸ್ಟರು ಹಾಜರಿ ಪುಸ್ತಕ ಹಿಡಿದು ಕೂರುತ್ತಿದ್ದರು. ಫೇಲಾಗಬಹುದು ಅನ್ನಿಸಿದ ಹೆಸರಿನ ಸುತ್ತ ಕೆಂಪು ಪೆನ್ಸಿಲ್ಲಿನ ಗೆರೆ. ಆ ಮಕ್ಕಳ ಕೈಗೆ ಟಿಸಿ. ಶಾಲೆಯಲ್ಲೇ ಇಲ್ಲದವರು ಶಾಲೆಯ ಲೆಕ್ಕದಲ್ಲಿ ಫೇಲಾಗುವುದಾದರೂ ಹೇಗೆ?

ಗಣಿತದಲ್ಲಿ ನನಗೆ ಇಪ್ಪತ್ತೆಂಟು ಬಂದಿತ್ತು. ಅಪ್ಪನನ್ನು ಕರೆಸಿದರು.

"ನಿಮ್ಮ ಮಗಳ ಒಳ್ಳೇದಕ್ಕೇ ಹೇಳ್ತಿರೋದು. ಈ ವರ್ಷ ಬೇಡ. ಮುಂದಿನ ವರ್ಷ ಪ್ರೈವೇಟಾಗಿ ಕಟ್ಟಲಿ."

"ನೀವ್ ಎಂಗೇಳಿದ್ರೆ ಅಂಗೆ ಸಾಮಿ," ಅಂದ ಅಪ್ಪ.

ಸ್ವಂತ ಇಚ್ಛೆಯಿಂದ ಮಗಳನ್ನು ಬಿಡಿಸುತ್ತಿದ್ದೇನೆ ಎಂದು ಗುಮಾಸ್ತರು ಮೊದಲೇ ಬರೆದಿಟ್ಟಿದ್ದ ಅರ್ಜಿಗೆ ಹೆಬ್ಬೆಟ್ಟು ಒತ್ತಿದ. ನಾನು ಪಕ್ಕದಲ್ಲೇ ನಿಂತು ಅದನ್ನು ಓದಿದೆ, ಬಾಯಿ ಬಿಡಲಿಲ್ಲ. ಆ ಹೇಡಿತನಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟಿದೆ. ಸಾಲದ್ದಕ್ಕೆ, ಮಗಳ ಬಗ್ಗೆ ಇಷ್ಟು ಮುತುವರ್ಜಿ ವಹಿಸಿದರಲ್ಲ ಎಂದು ಅಪ್ಪ ಹೊಲದ ಸೊನೆ ಅವರೆಕಾಯಿ ಒಂದು ಚೀಲ ಹೊತ್ತುಕೊಂಡು ಹೋಗಿ ಹೆಡ್‌ಮಾಸ್ಟರ ಮನೆಗೆ ಕೊಟ್ಟುಬಂದ. ನನಗೆ ಮೈಯೆಲ್ಲ ಉರಿಯಿತು.

ಆ ವರ್ಷ ನಾನೂ ಸೇರಿ ಆರು ಜನಕ್ಕೆ ಟಿಸಿ ಸಿಕ್ಕಿತು. ಉಳಿದ ಐವರು ಮತ್ತೆ ಪುಸ್ತಕ ಮುಟ್ಟಲಿಲ್ಲ. ಇಬ್ಬರಿಗೆ ಮದುವೆಯಾಯಿತು, ಮೂವರು ಫ್ಯಾಕ್ಟರಿ ಸೇರಿದರು. ನಾನು ಹಟಕ್ಕೆ ಬಿದ್ದು ದನದ ಕೊಟ್ಟಿಗೆಯ ಪಕ್ಕ ಕೂತು ಲೆಕ್ಕ ಬಿಡಿಸಿದೆ. ಮರುವರ್ಷ ಪ್ರೈವೇಟಾಗಿ ಕಟ್ಟಿ ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಗಣಿತಕ್ಕೆ ಎಪ್ಪತ್ತೊಂದು.

ಅಂಕಪಟ್ಟಿಯನ್ನು ಹೆಡ್‌ಮಾಸ್ಟರ ಮುಖಕ್ಕೆ ಹಿಡಿಯಬೇಕೆಂದೇ ಶಾಲೆಗೆ ಹೋದೆ. ಅಪ್ಪನೂ ಬಂದ. ಹೆಡ್‌ಮಾಸ್ಟರು ಕನ್ನಡಕ ಸರಿಮಾಡಿಕೊಂಡು ಓದಿದರು. ಆ ಮುಖದಲ್ಲಿ ನಾಚಿಕೆಯೇನೂ ಕಾಣಲಿಲ್ಲ.

"ಛೆ, ಮೊದ್ಲೇ ಗೊತ್ತಿದ್ದಿದ್ರೆ ಕಳಿಸ್ತಿರ್ಲಿಲ್ಲ ಕಣಮ್ಮ. ನಮ್ಮ ಸ್ಕೂಲಿಗೆ ಒಂದು ಫಸ್ಟ್ ಕ್ಲಾಸ್ ಜಾಸ್ತಿ ಆಗ್ತಿತ್ತು."

ಆ ಐವರ ಬಗ್ಗೆ ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಬಗ್ಗಿ ಅವರ ಕಾಲು ಮುಟ್ಟಿಯಾಗಿತ್ತು.

"ಎಲ್ಲಾ ನಿಮ್ ಆಸೀರ್ವಾದ ಸಾಮಿ. ಚಿಕ್ಕೋಳ್ನೂ ಇಲ್ಲಿಗೇ ಸೇರುಸ್ತೀನಿ."

ಸೇರಿಸಿಯೂ ಬಿಟ್ಟ. ಅಪ್ಪನಿಗೆ ಬರೆಯಲು ಬಾರದಲ್ಲ. ಅವನು ಹೆಬ್ಬೆಟ್ಟು ಒತ್ತಿದ್ದ ಅದೇ ಮೇಜಿನ ಮೇಲೆ ತಂಗಿಯ ಅರ್ಜಿ ತುಂಬಿಕೊಟ್ಟವಳು ನಾನೇ.