ಅವರು ಎಂದರೆ ಯಾರು?

ಶೆಫೀಲ್ಡಿನಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆಗೆ ಇಂಡೊನೇಷ್ಯಾದ ಕತೆಗಾರ್ತಿಯೊಬ್ಬಳಿದ್ದಾಳೆ. ಪಿಎಚ್.ಡಿ. ಮಾಡಲು ಬಂದವಳು ಇಲ್ಲಿನ ವಿಶ್ವವಿದ್ಯಾಲಯದಲ್ಲೇ ಪಾಠ ಹೇಳಲು ನಿಂತಳು. ಹೆಣ್ಣಿನ ದುಡಿಮೆಯ ಬಗ್ಗೆ ಬರೆದ ಪ್ರಬಂಧಗಳಿಂದ ಅವಳಿಗೆ ಬಡ್ತಿ ಸಿಕ್ಕಿತು. ಕತೆಗಳಿಂದ ತವರಿನಲ್ಲಿ ಬಹುಮಾನವೂ ಸಿಕ್ಕಿತು, ಬೈಗುಳವೂ ಸಿಕ್ಕಿತು. ಎರಡನ್ನೂ ಒಂದೇ ಖುಷಿಯಿಂದ ಹೇಳಿಕೊಳ್ಳುತ್ತಾಳೆ. ನಾನು ಜಿಪಿ, ಅಂದರೆ ಈ ಬಡಾವಣೆಯ ಡಾಕ್ಟರು. ನನಗೆ ಶುಕ್ರವಾರ ರಜೆ. ಅಂದು ಅವಳ ಅಡಿಗೆಮನೆಯಲ್ಲಿ ಕೂತು ಹರಟುವುದೇ ನಾನು ವಾರದಲ್ಲಿ ಮಾಡುವ ಅತ್ಯುತ್ತಮ ಕೆಲಸ, ರೋಗಿಗಳು ಕ್ಷಮಿಸಬೇಕು.

ಅವಳ ಕತೆಗಳನ್ನು ಕನ್ನಡಕ್ಕೆ ತರುತ್ತೇನೆ ಎಂದಾಗ ಮಾತ್ರ ಮುಖ ಸಿಂಡರಿಸಿದಳು. ಕಾರಣವಿತ್ತು. ಅವಳಿಗೆ ತುಂಬ ಇಷ್ಟವಾದ ಕತೆಯಲ್ಲಿ ನಡೆಯುವುದು ಇಷ್ಟೇ: ಹಡಗಿನ ಕ್ಯಾಪ್ಟನ್ ಸಂಜೆ ಮನೆಗೆ ಬರುವುದು, ಕಾದು ಕೂತ ಜೀವವೊಂದು ಅನ್ನ ಬಿಸಿ ಮಾಡಿ ಬಡಿಸುವುದು. ಬಡಿಸುವ ಜೀವವೇ 'ನಾನು' ಎಂದು ಕತೆ ಹೇಳುತ್ತದೆ. ಅವಳ ಭಾಷೆಯಲ್ಲಿ 'ಅವನು', 'ಅವಳು' ಎರಡಕ್ಕೂ ಒಂದೇ ಪದ, 'ದಿಯಾ'. ಕೊನೆಯ ಸಾಲಿನಲ್ಲಿ ಕ್ಯಾಪ್ಟನ್ ಮಗುವಿಗೆ ಮೊಲೆಯೂಡಿಸುವ ತನಕ ಓದುಗರು ಆ ಕ್ಯಾಪ್ಟನ್ನನ್ನು ಗಂಡಸೆಂದೇ ನಂಬಿರುತ್ತಾರೆ. ಇಂಗ್ಲಿಷಿಗೆ ತಂದವರು ಮೊದಲ ಸಾಲಿನಲ್ಲೇ 'ಶಿ' ಎಂದು ಬರೆದು ಗುಟ್ಟು ರಟ್ಟು ಮಾಡಿದ್ದರು. ಆಮೇಲೆ ಅವಳು ಯಾರಿಗೂ ಅನುವಾದಕ್ಕೆ ಕತೆ ಕೊಟ್ಟಿರಲಿಲ್ಲ.

"ಇದೊಂದನ್ನು ಮಾಡಿ ನಿನ್ನ ಜನರ ಮುಂದೆ ಓದು. ನಾನು ಅವರ ಮುಖ ನೋಡುತ್ತಾ ಕೂರುತ್ತೇನೆ. ಕೊನೆಯ ಸಾಲಿಗೆ ಮುಂಚೆ ಗೊತ್ತಾಯಿತೋ, ಪುಸ್ತಕದ ಮಾತು ಬಿಡು" ಎಂದಳು.

ಜಂಬದಿಂದ ಒಪ್ಪಿಕೊಂಡು ಬಂದೆ. ಬರೆಯಲು ಕೂತಾಗ ಜಂಬ ಇಳಿಯಿತು. ಚಾಡಿ ಹೇಳುವುದರಲ್ಲಿ ಕನ್ನಡ ಇಂಗ್ಲಿಷನ್ನೂ ಮೀರಿಸುತ್ತದೆ. 'ಅವನು', 'ಅವಳು' ಬಿಟ್ಟರೂ ಬಂದನು, ಬಂದಳು ಎಂದು ಕ್ರಿಯಾಪದವೇ ಬಾಯಿ ಬಿಡುತ್ತದೆ. ನನಗೆ ಅಳುವೇ ಬಂತು. ಪುಣ್ಯಕ್ಕೆ ಇಲ್ಲಿನ ಕನ್ನಡ ಬಳಗದ ಪರಿಚಯದವಳೊಬ್ಬಳು ಫೋನ್ ಮಾಡಿ, "ಅವರು ಇನ್ನೂ ಬಂದಿಲ್ಲ ಕಣೇ, ಡ್ಯೂಟಿ ರೋಟಾ ಚೇಂಜ್ ಆಗಿದೆಯಂತೆ" ಎಂದಳು. ಯಾರು ಎಂದು ನಾನು ಕೇಳಲಿಲ್ಲ. ನಮ್ಮ ಹೆಂಗಸರು ಹೆಸರು ಹೇಳದೆ 'ಅವರು' ಎಂದರೆ ಗಂಡನೇ ತಾನೆ? ಅವರು ಬಂದರು, ಅವರು ಉಂಡರು. ಸುಳ್ಳು ಹೇಳುವ ಅಗತ್ಯವೇ ಇಲ್ಲ, ಕೇಳುವವರೇ ಮೋಸಹೋಗುತ್ತಾರೆ. ಅಂದೇ ಕತೆ ಮುಗಿಸಿದೆ.

ಶನಿವಾರ ಮಧ್ಯಾಹ್ನ ಬಳಗದ ಹಾಲ್‌ನಲ್ಲಿ ಓದಿದೆ. ಡರ್ಬಿಯಿಂದಲೂ ವುಲ್ವರ್‌ಹ್ಯಾಂಪ್ಟನ್‌ನಿಂದಲೂ ಜನ ಬಂದಿದ್ದರು. ಇಂಡೊನೇಷ್ಯಾದ ಗೆಳತಿ ಮೂಲೆಯ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದಳು. ಇಡೀ ಕತೆಯಲ್ಲಿ ಅವಳಿಗೆ ನಾನು ಕಲಿಸಿದ್ದ ಕನ್ನಡ ಪದ 'ಅವರು' ಒಂದೇ. ಅನ್ನ ಬಿಸಿ ಮಾಡುವ ಕಡೆ ಹೆಂಗಸರು ತಲೆದೂಗಿದರು. 'ಅವರು ಮಗುವನ್ನು ಎದೆಗೆ ಹಾಕಿಕೊಂಡು ಹಾಲು ಕುಡಿಸಿದರು' ಎಂದು ಓದಿ ನಿಲ್ಲಿಸಿದೆ. ಯಾರೋ "ಅಯ್ಯೋ!" ಎಂದರು, ನಗು ಎದ್ದಿತು. ಗೆಳತಿಯ ಕಣ್ಣು ಒದ್ದೆಯಾಗಿತ್ತು, ನನ್ನದೂ.

ವುಲ್ವರ್‌ಹ್ಯಾಂಪ್ಟನ್ನಿನಿಂದ ಬಂದಿದ್ದ ಧಾರವಾಡದ ಡಾಕ್ಟರೊಬ್ಬರು ಮಾತ್ರ ನಗಲಿಲ್ಲ. "ಹಂಗಾದ್ರ ಕತಿ ಹೇಳಾಂವ ಗಂಡ ಆದ. ಹೇಣ್ತಿಗೆ ಯಾರರೆ ಅವರು ಅಂತಾರೇನ್ರೀ? ಇದು ಕನ್ನಡನ ಅಲ್ಲ."

ಪಕ್ಕದಲ್ಲಿದ್ದ ಅವರ ಹೆಂಡತಿ, "ನಾ ಮದುವಿ ಆದಾಗಿಂದ ನಿಮಗ ಅವರು ಅವರು ಅನಕೋತ ಬಂದೇನಲ್ಲ, ಅದು ಕನ್ನಡ ಹೌದಿಲ್ಲೋ?" ಎಂದರು.

ಹಾಲ್‌ನಲ್ಲಿ ಶಿಳ್ಳೆಯೊಂದೇ ಬಾಕಿ. ಡಾಕ್ಟರು ಕೆಂಪಗಾದರು. ನಾನು ಗೆಳತಿಯ ಬಳಿ ಹೋಗಿ ಇಬ್ಬರ ಮಾತನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಅಷ್ಟರಲ್ಲಿ ಚಹಾದ ಟ್ರೇ ಬಂತು. ಅವರು ಕಪ್ಪಿಗೆ ಕೈ ಚಾಚಿದವರು ಹಿಂದೆಗೆದು, ಹೆಂಡತಿಯ ಕಡೆ ಗದ್ದ ತೋರಿಸಿ, "ಮೊದಲ ಅವರಿಗೆ ಕೊಡ್ರಿ" ಎಂದರು. ಚೇಷ್ಟೆಗೆ ಅಂದರೋ ಸೋತು ಅಂದರೋ ತಿಳಿಯಲಿಲ್ಲ. ಆಕೆ ಕಪ್ಪು ತೆಗೆದುಕೊಂಡರು, ಕುಡಿಯದೆ ಅವರನ್ನೇ ನೋಡುತ್ತಾ ಕೂತರು.

ಗೆಳತಿ ನನ್ನ ತೋಳು ಹಿಡಿದಳು. "ಆ ಪದ ಅಂದರಲ್ಲ, ಯಾರಿಗೆ?"

"ಹೆಂಡತಿಗೆ."

"ಮೊದಲ ಸಲವಾ?"

"ಆಕೆಯ ಮುಖ ನೋಡು."

ನೋಡಿದಳು. "ಉಳಿದ ಕತೆಗಳನ್ನೂ ತಗೋ" ಎಂದಳು.