ಖಾಲಿ ಸೈಡ್‌ಕಾರಿನ ತೂಕ

ನಾನು ಕಾಳಿನ ವ್ಯಾಪಾರಿ. ಬಸವಕಲ್ಯಾಣದಲ್ಲಿ ಮೂವತ್ತು ವರ್ಷದಿಂದ ತಕ್ಕಡಿ ಹಿಡಿದವನು. ಚೀಲದ ಮೂಲೆ ಎತ್ತಿ ನೋಡಿದರೆ ಸಾಕು, ಒಳಗೆ ಎಷ್ಟು ಕಿಲೋ ಇದೆ ಎಂದು ಹೇಳಬಲ್ಲೆ. ಇಂಥವನ ಮುಂದೆ ಯಾರಾದರೂ ಕನಸು, ಶಕುನ ಎಂದು ಬಾಯಿ ತೆರೆದರೆ ನಗು ಬರುತ್ತಿತ್ತು. ತೂಕಕ್ಕೆ ಸಿಗದ್ದೆಲ್ಲ ಸುಳ್ಳು ಎಂಬುದು ನನ್ನ ಹಟವಾಗಿತ್ತು. ಮೂರು ವರ್ಷದ ಹಿಂದೆ ತೂಕದ ವಿಷಯದಲ್ಲೇ ನಾನು ಸೋತೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನನ್ನ ಹೆಂಡತಿ ಶಾಂತಾ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ಎಲುಬು ಕೂಡಿತು, ಆದರೆ ಮೊಣಕಾಲು ಮಡಚುವುದು ನಿಂತೇ ಹೋಯಿತು. ಬೈಕಿನ ಹಿಂದೆ ಏರುವಂತಿಲ್ಲ, ಆಟೋದಲ್ಲಿ ಕಾಲು ಚಾಚುವಂತಿಲ್ಲ, ಬಸ್ಸಿನ ಮಾತೇ ಬೇಡ. ದುಬಲಗುಂಡಿಯಲ್ಲಿರುವ ಅಕ್ಕನ ಮನೆಗೆ ಹೋಗಿ ಅವಳಿಗೆ ಒಂದೂವರೆ ವರ್ಷವಾಗಿತ್ತು. ಹುಮನಾಬಾದಿನಲ್ಲಿ ನನಗೆ ಗುರುತಿನ ಒಬ್ಬ ಮೆಕ್ಯಾನಿಕ್ ಇದ್ದಾನೆ, ಎಲ್ಲರೂ ಉಸ್ತಾದ ಎನ್ನುತ್ತಾರೆ. ಅವನ ಅಂಗಡಿಯಲ್ಲಿ ಎಡಮಗ್ಗುಲಿಗೆ ಒಂಟಿ ಗಾಲಿಯ ಸೈಡ್‌ಕಾರು ಜೋಡಿಸಿದ ಹಳೆಯ ಬೈಕು ಕಂಡಾಗ, ಕಾಲು ನೀಳವಾಗಿ ಚಾಚಿ ಕೂರಲು ಶಾಂತಾಳಿಗೆ ಇದೇ ಸರಿ ಅನ್ನಿಸಿತು. ಅವಳನ್ನು ಒಂದು ಮಾತೂ ಕೇಳದೆ ತಂದುಬಿಟ್ಟೆ.

ಬೈಕು ಹೊಡೆದು ರೂಢಿಯಾದವನಿಗೇ ಸೈಡ್‌ಕಾರು ಹೆಚ್ಚು ಸತಾಯಿಸುತ್ತದೆ. ಮೈ ವಾಲಿಸಿದರೆ ಇದು ತಿರುಗುವುದಿಲ್ಲ, ಹ್ಯಾಂಡಲ್ಲನ್ನೇ ಜಗ್ಗಿ ತಿರುಗಿಸಬೇಕು. ರೇಸ್ ಕೊಟ್ಟರೆ ಎಡಕ್ಕೆ ಎಳೆಯುತ್ತದೆ, ಬ್ರೇಕ್ ಹಾಕಿದರೆ ಬಲಕ್ಕೆ ಹೊರಳುತ್ತದೆ. ಮೂರು ಗಾಲಿಯ ಗಾಡಿ ತಾನೇ ನಿಲ್ಲುತ್ತದೆಂದು ಗೊತ್ತಿದ್ದೂ ನಾನು ನಿಂತಲ್ಲೆಲ್ಲ ಕಾಲು ಕೆಳಗಿಡುತ್ತಿದ್ದೆ. ಮೊದಲ ದಿನವೇ ಮನೆ ಮುಂದಿನ ಬಯಲಲ್ಲಿ ಎಡಕ್ಕೆ ತಿರುಗಿಸಿದೆ ನೋಡಿ, ಖಾಲಿ ಸೈಡ್‌ಕಾರಿನ ಗಾಲಿ ಮೊಳದೆತ್ತರ ಎದ್ದುಬಿಟ್ಟಿತು. ಕಟ್ಟೆಯ ಮೇಲೆ ಕೂತಿದ್ದ ಶಾಂತಾ ಅದನ್ನು ಕಣ್ಣಾರೆ ಕಂಡಳು. ಆ ಡಬ್ಬಿಯಲ್ಲಿ ಸತ್ತರೂ ಕೂರುವುದಿಲ್ಲ ಎಂದಳು.

ಖಾಲಿ ಓಡಿಸುವಾಗ ಸೈಡ್‌ಕಾರಿನಲ್ಲಿ ಭಾರ ಇಡಬೇಕು ಎಂದು ಉಸ್ತಾದ ಹೇಳಿಕೊಟ್ಟ. ಅಂಗಡಿಯಿಂದ ನಲವತ್ತು ಕಿಲೋ ಜೋಳದ ಚೀಲ ತಂದು ಅದರಲ್ಲಿಟ್ಟು, ಮೇಲೆ ರೆಕ್ಸಿನ್ ಹೊದಿಕೆಯ ಗುಂಡಿ ಹಾಕಿದೆ. ಹತ್ತು ದಿನದಲ್ಲಿ ಕೈ ಹದಕ್ಕೆ ಬಂತು. ಶಾಂತಾ ಮಾತ್ರ ಜಗ್ಗಲಿಲ್ಲ. ಯಾರಿಗಾಗಿ ಕಲಿತೆನೋ ಅವಳೇ ಕೂರದಿದ್ದರೆ ಜೋಳ ಕೂರಿಸಿಕೊಂಡು ಊರೂರು ತಿರುಗಬೇಕೇ ಎಂದು ನನಗೆ ಬೇಸರವಾಯಿತು.

ಒಂದು ದಿನ ಬೆಳಿಗ್ಗೆ ತಿಂಡಿ ಮುಗಿಸಿ, ಬೋಲ್ಟು ಬಿಗಿ ಮಾಡಿಸಲು ಹುಮನಾಬಾದಿಗೆ ಹೊರಟೆ. ಹೊದಿಕೆಯ ಗುಂಡಿ ಹಾಕಿದ್ದ ಹಾಗೇ ಇತ್ತು, ಬಿಚ್ಚಿ ನೋಡಲಿಲ್ಲ. ಬಸವಕಲ್ಯಾಣದಿಂದ ಇಳಿದು ಬಂಗ್ಲಾ ಎಂಬ ಕ್ರಾಸಿನ ಹತ್ತಿರ ಹೆದ್ದಾರಿ ಸೇರುವಲ್ಲಿ ಎಡಕ್ಕೆ ತಿರುಗಬೇಕು. ಹಿಂದೆ ಲಾರಿ ಹಾರ್ನ್ ಹೊಡೆದದ್ದಕ್ಕೆ ಗಾಬರಿಯಾಗಿ ಜೋರಿನಲ್ಲೇ ತಿರುಗಿಸಿದೆ. ಗಾಲಿ ಎದ್ದಿತೆಂದೇ ತಿಳಿದೆ. ಏಳಲಿಲ್ಲ. ಬದಲಿಗೆ ಸೈಡ್‌ಕಾರಿನ ಭಾರ ಹೊರಗಿನ ಅಂಚಿಗೆ ಸರಿಯಿತು, ಒಳಗೆ ಕೂತವರು ಬೇಕೆಂದೇ ಎಡಕ್ಕೆ ವಾಲಿದ ಹಾಗೆ. ಚೀಲ ಜಾರಿರಬೇಕು ಅಂದುಕೊಂಡೆ. ಆದರೆ ಅದು ನಲವತ್ತು ಕಿಲೋ ಅಲ್ಲ, ಅರವತ್ತರ ಹತ್ತಿರ ಇದೆ ಎಂದು ಕೈ ಹೇಳುತ್ತಿತ್ತು. ಮುಂದೆ ಕುರಿ ಹಿಂಡು ರಸ್ತೆ ದಾಟುತ್ತಿದ್ದುದರಿಂದ ನಿಂತೆ. ಕುರುಬನ ಹೆಗಲ ಮೇಲೆ ಕೊರಳಿಗೆ ಕೆಂಪು ಚಿಂದಿ ಕಟ್ಟಿದ ಮರಿಯೊಂದಿತ್ತು. ಅದು ದಾಟುವವರೆಗೂ ನನ್ನ ಸೈಡ್‌ಕಾರನ್ನೇ ನೋಡುತ್ತಿತ್ತು.

ಉಸ್ತಾದನ ಅಂಗಡಿಯಲ್ಲಿ ಹೊದಿಕೆ ತೆಗೆದರೆ ಒಳಗೆ ಚೀಲವೇ ಇರಲಿಲ್ಲ. ಮೂಲೆಯಲ್ಲಿ ನಾಲ್ಕು ಜೋಳದ ಕಾಳು ಬಿದ್ದಿದ್ದವು, ಅಷ್ಟೆ.

"ಖಾಲಿ ಗಾಡಿ ಹೊಡಕೊಂಡು ಬಂದೀರಿ? ನಿಮ್ಮ ನಸೀಬ್ ಚಲೋ ಅದರಿ" ಎಂದ ಉಸ್ತಾದ.

ಮನೆಗೆ ಫೋನ್ ಮಾಡಿದೆ. ಹಿಟ್ಟು ತೀರಿತ್ತು, ನಿನ್ನೆ ಸಂಜೆ ಚೀಲವನ್ನು ಗಿರಣಿಗೆ ಕಳಿಸಿದೆ, ಜೋಳ ಇರುವುದು ರೊಟ್ಟಿಗೋ ಸವಾರಿಗೋ ಎಂದು ಶಾಂತಾ ನನ್ನನ್ನೇ ಕೇಳಿದಳು. ನಾನು ತಿರುವಿನ ವಿಷಯ ಎತ್ತದೆ ಫೋನಿಟ್ಟೆ. ನೋಡೋಣವೆಂದು ಉಸ್ತಾದನ ಗಲ್ಲಿಯಲ್ಲೇ ನಿಧಾನವಾಗಿ ಎಡಕ್ಕೆ ತಿರುಗಿಸಿದೆ. ಗಾಲಿ ತಕ್ಷಣ ಎದ್ದಿತು. ಉಸ್ತಾದ ಬೈಯುತ್ತ ಒಂದು ಉಸುಕಿನ ಚೀಲ ತಂದು ಹಾಕಿದ.

ಮನೆಗೆ ಬಂದಾಗ ಶಾಂತಾ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ನಾನು ಗಾಡಿ ನಿಲ್ಲಿಸುವ ಮೊದಲೇ ಶುರು ಮಾಡಿದಳು.

"ನೀವು ಹೋದ ಮ್ಯಾಲ ಇಲ್ಲೇ ಜೊಂಪು ಹತ್ತಿತ್ರಿ. ನಿಮ್ಮ ಡಬ್ಬ್ಯಾಗ ಕೂತು ಹೊಂಟಿದ್ದೆ. ಬಂಗ್ಲಾದಾಗ ಅಷ್ಟು ಜೋರ್ ಯಾಕ ತಿರುಗಿಸಿದ್ರಿ? ನಾ ಎಡಕ್ಕ ವಾಲಿದೆ, ಇಲ್ಲಂದ್ರ ಇಬ್ಬರೂ ಬೀಳತಿದ್ವಿ."

ನಾನು ಗಾಡಿ ಬಂದ್ ಮಾಡಿ ಇಳಿದೆ. ಅವಳು ನಗುತ್ತಲೇ ಮುಂದುವರಿಸಿದಳು: "ಆ ಕುರಿಮರಿ ಎಷ್ಟು ಛಂದಿತ್ರಿ, ಕೊಳ್ಳಾಗ ಕೆಂಪು ಚಿಂದಿ. ನನ್ನೇ ನೋಡಾಕತ್ತಿತ್ತು."

ಆಮೇಲೆ ನಾನು ಲೆಕ್ಕ ಹಾಕದ ದಿನವಿಲ್ಲ. ನನ್ನ ಅವಸರದ ಬುದ್ಧಿ ಅವಳಿಗೆ ಗೊತ್ತು, ಆ ತಿರುವೂ ಗೊತ್ತು, ಆ ರಸ್ತೆಯಲ್ಲಿ ಕುರಿ ಯಾವಾಗಲೂ ಇರುತ್ತವೆ. ಇಷ್ಟನ್ನು ಒಪ್ಪಬಹುದು. ಕೆಂಪು ಚಿಂದಿಯನ್ನೂ ಖಾಲಿ ಸೈಡ್‌ಕಾರಿನ ಆ ಅರವತ್ತು ಕಿಲೋವನ್ನೂ ಮಾತ್ರ ಯಾವ ಲೆಕ್ಕದಲ್ಲೂ ಹಿಡಿಸಲಾರೆ.

ಮುಂದಿನ ಭಾನುವಾರ ಶಾಂತಾ ತಾನಾಗಿಯೇ ಹೊಸ ಸೀರೆ ಉಟ್ಟು, ಅಕ್ಕನಿಗೆಂದು ಶೇಂಗಾ ಹೋಳಿಗೆ ಕಟ್ಟಿಕೊಂಡು ಸೈಡ್‌ಕಾರಿನ ಬಳಿ ಬಂದು ನಿಂತಳು. ಅಂಜಿಕೆ ಇಲ್ಲವೇ ಎಂದು ಕೇಳಿದೆ.

"ಒಮ್ಮೆ ಹೋಗಿ ಬಂದೀನಲ್ರಿ, ಇನ್ನ ಅಂಜೋದೇನದ?" ಎಂದಳು.

ಕೈ ಹಿಡಿದು ಕೂರಿಸಿದೆ. ಕಾಲು ನೀಟಾಗಿ ಚಾಚಿಕೊಂಡಿತು. ಅವಳ ಮುಖ ನೋಡಿ ನನಗೆ ಎಷ್ಟು ಸಂತೋಷವಾಯಿತೆಂದು ಬರೆಯಲು ಬರುವುದಿಲ್ಲ. ಬಂಗ್ಲಾ ಬಂತು. ಈ ಸಲ ನಿಧಾನವಾಗಿಯೇ ಎಡಕ್ಕೆ ತಿರುಗಿಸಿದೆ. ನಾನು ಹೇಳಿಕೊಡುವ ಮೊದಲೇ ಶಾಂತಾ ಅಂಚು ಹಿಡಿದು ಎಡಕ್ಕೆ ವಾಲಿದಳು. ಹ್ಯಾಂಡಲ್ ಹಿಡಿದ ನನ್ನ ಕೈಗೆ ಆ ತೂಕದ ಗುರುತು ಸಿಕ್ಕಿತು.