ಕತ್ತರಿಸಿ ಹಾಕಿದ ಮೂರು ಏಟು

ಮೊನ್ನೆ ಹೆಮ್ಮರಗಾಲದ ಕಡೆಯಿಂದ ಬೈಕಿನಲ್ಲಿ ಬರುತ್ತಿದ್ದೆ. ಗದ್ದೆಯ ಬದುವಿನಲ್ಲಿ ಯಾರೋ ಹುಲ್ಲಿಗೆ ಬೆಂಕಿ ಹಾಕಿದ್ದರು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ಗಾಡಿ ನಿಲ್ಲಿಸಿ ಸುತ್ತ ನೋಡಿದೆ. ಸುಟ್ಟ ಹುಲ್ಲಿನ ವಾಸನೆ ಬಂದರೆ ಹತ್ತಿರದಲ್ಲೆಲ್ಲೋ ಯಾರೋ ತಮಟೆ ಕಾಯಿಸುತ್ತಿರಬೇಕು ಎಂದು ಈಗಲೂ ಅನ್ನಿಸುತ್ತದೆ. ಅಲ್ಲಿ ಯಾರೂ ಇರಲಿಲ್ಲ... ಇರಬೇಕಾದವರು ತೀರಿಕೊಂಡು ಎರಡು ವರ್ಷದ ಮೇಲಾಯಿತು.

ಅವರನ್ನು ನಾವು ತಮಟೆ ಯಜಮಾನರು ಎನ್ನುತ್ತಿದ್ದೆವು. ತಿ. ನರಸೀಪುರದ ಆಚೆ, ಹೊಳೆದಂಡೆಯ ಒಂದು ಹಳ್ಳಿಯವರು. ಮದುವೆಗೆ ಒಂದು ಹೊಡೆತ, ದೇವರಿಗೆ ಒಂದು ಹೊಡೆತ, ಸಾವಿಗೆ ಇನ್ನೊಂದು. ಸಾವಿನದನ್ನು ಅವರು ಬಿಟ್ಟು ಬಹಳ ಕಾಲವಾಗಿತ್ತು. ಊರವರ ಹೆಣದ ಮುಂದೆ ಬಡಿಯುವ ಬಾಳು ನಮಗೆ ಸಾಕು ಎಂದು ಅವರ ಕೇರಿಯವರೆಲ್ಲ ಸೇರಿ ತೀರ್ಮಾನ ಮಾಡಿದ್ದರು. ಅದಕ್ಕೆ ಮುಂದೆ ನಿಂತವನು ಅವರ ದೊಡ್ಡ ಮಗನೇ. ಆ ತೀರ್ಮಾನ ಸರಿಯಾಗಿಯೇ ಇತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೂ ನನ್ನ ಸ್ವಾರ್ಥಕ್ಕೆ ನಾನು ಕೇಳಲು ಹೋದದ್ದು ಆ ಹೊಡೆತವನ್ನೇ.

ಆಗ ನಂಜನಗೂಡಿನಲ್ಲಿ ನಾವು ಮೂವರು ಸೇರಿ ಒಂದು ರಾಕ್ ಬ್ಯಾಂಡ್ ಮಾಡಿಕೊಂಡಿದ್ದೆವು. ಸ್ಟುಡಿಯೋ ಎಂದರೆ ನಮ್ಮಪ್ಪನ ಅಕ್ಕಿ ಮಂಡಿಯ ಹಿಂದಿನ ಗೋಡೌನು. ಸುತ್ತಲೂ ಮೂಟೆ ಪೇರಿಸಿದರೆ ಗಿಟಾರಿನ ಸದ್ದು ಬೀದಿಗೆ ಹೋಗುತ್ತಿರಲಿಲ್ಲ. ಕಪ್ಪಾಗಿ ನೊರೆ ಕಟ್ಟಿದ ಹೊಳೆಯನ್ನು ನೋಡಿ ನೋಡಿ ಸಿಟ್ಟು ಬಂದು ನಾನೊಂದು ಹಾಡು ಬರೆದಿದ್ದೆ. ಕಪಿಲೆ ಸತ್ತಿದ್ದಾಳೆ, ಹೆಗಲು ಕೊಡಿ, ಸಂಗಮದವರೆಗೆ ಹೊತ್ತು ಬಿಡೋಣ ಎನ್ನುವ ಹಾಡು. ಅದಕ್ಕೆ ಡ್ರಮ್ಸ್ ಸಾಲದು, ನಿಜವಾದ ಸಾವಿನ ತಮಟೆಯೇ ಬೇಕೆಂದು ಹಟ ಹಿಡಿದೆ.

ಯಜಮಾನರ ಜಗಲಿಯಲ್ಲಿ ಕೂತು ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಯಾರು ಓಗ್ಬುಟ್ರು ಸಾ?"

"ಹೊಳೆ," ಎಂದೆ.

ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಮೊಣಕಾಲಿನ ಮೇಲೆ ಕೈಯೂರಿ ಎದ್ದು ಹೊಳೆಯ ಕಡೆ ನೋಡಿದರು. ಆಮೇಲೆ ಹೇಳಿದರು, "ಅವ್ಳಿಗಾದ್ರೆ ಬಡೀತೀನಿ. ನನ್ನ ಎಸ್ರು ಮಾತ್ರ ಎಲ್ಲೂ ಬರ್ಕೂಡ್ದು. ಕೇರೀಲಿ ಗೊತ್ತಾದ್ರೆ ನನ್ಮಗ ನನ್ನ ಮಕ ನೋಡಲ್ಲ. ಒಳೆಗೆ ಸಾವು ಬಡ್ದೋನು ಅಂತ ಮದ್ವೆಗೂ ಯಾರೂ ಕರೆಯಲ್ಲ."

ಗೋಡೌನಿನ ಹೊರಗೆ ಹುಲ್ಲು ಹೊತ್ತಿಸಿ, ತಮಟೆ ಕಾಯಿಸಿ, ಒಳಗೆ ಬಂದು ನಿಂತರು. ಹೊಡೆದರು. ನನ್ನ ಕೈಯಲ್ಲಿದ್ದ ಗಿಟಾರು ಮರೆತೇಹೋಯಿತು. ಮುಗಿಸುವಾಗ ಒಂದು ಕ್ಷಣ ತಡೆದು, ಬಿಡಿಬಿಡಿಯಾಗಿ ಮೂರು ಏಟು ಹಾಕಿದರು. "ಇವು ಬಿದ್ಮೇಲೇನೇ ಸಾವು ಮನೆ ಬುಟ್ಟು ಓಗೋದು ಸಾ. ಇಲ್ದಿದ್ರೆ ಒಸ್ಲು ಮೇಲೇ ಕುಂತಿರ್ತದೆ," ಎಂದು ಹೇಳಿ ತಮಟೆಗೆ ಬಟ್ಟೆ ಸುತ್ತಿದರು. ಅವರ ಹಿರಿಯರಿಂದ ಬಂದ ಕ್ರಮವಂತೆ ಅದು.

ಎಡಿಟಿಂಗಿಗೆ ಕೂತಾಗ ಆ ಮೂರು ಏಟು ತಾಳಕ್ಕೆ ಕೂರಲಿಲ್ಲ. ಒಂದು ಮುಂದೆ, ಒಂದು ಹಿಂದೆ. ಕೊನೆಯಲ್ಲಿ ಗಿಟಾರು ಉದ್ದಕ್ಕೆ ಕೂಗಿ ಕರಗಿಹೋಗುವಂತೆ ಮಾಡುವ ಆಸೆ ನನಗೆ. ಮೌಸ್ ಒತ್ತಿ ಕತ್ತರಿಸಿ ಹಾಕಿದೆ. ಅದೊಂದು ದೊಡ್ಡ ವಿಷಯವೆಂದು ಆಗ ಹೊಳೆಯಲೇ ಇಲ್ಲ.

ಹಾಡು ಬಿಡುಗಡೆಯಾಗಿ ಒಂದು ವಾರದೊಳಗೆ ಊರು ಎರಡಾಯಿತು. ಹುಡುಗರು ಅದನ್ನು ರಿಂಗ್‌ಟೋನ್ ಮಾಡಿಕೊಂಡರು. ದಿನವೂ ಕಪಿಲೆಯಲ್ಲಿ ಮುಳುಗೆದ್ದು ಕೈಮುಗಿಯುವವರು, ಬದುಕಿರುವ ತಾಯಿಗೆ ಸಾವಿನ ತಮಟೆ ಹೊಡೆಸಿದ್ದಾರೆ ಎಂದು ಮಂಡಿಯ ಮುಂದೆ ಬಂದು ನಿಂತರು. ನಮ್ಮಪ್ಪ ನನ್ನ ಜೊತೆ ಮಾತು ಬಿಟ್ಟರು. ಕೊನೆಗೆ ಠಾಣೆಗೆ ಹೆಸರಿಲ್ಲದ ಒಂದು ಅರ್ಜಿ ಹೋಯಿತು. ನನ್ನನ್ನು ಕರೆಸಿ ಅದನ್ನು ಓದಿ ಹೇಳಿದರು. ಅದರಲ್ಲೊಂದು ಸಾಲು: ಸಾವನ್ನು ಕಳಿಸಿಕೊಡುವ ಮೂರು ಏಟನ್ನೂ ಬೇಕೆಂದೇ ಕತ್ತರಿಸಿದ್ದಾರೆ.

ಅಲ್ಲಿಗೆ ನನ್ನ ತಲೆ ತಿರುಗಿತು. ಹೊರಗಿನವರಿಗೆ ಆ ಮೂರು ಏಟಿನ ವಿಷಯ ಗೊತ್ತಾಗುವುದು ಹೇಗೆ? ನಮ್ಮದು ಮೊದಲೇ ಅನುಮಾನದ ವಂಶ. ನಮ್ಮಪ್ಪ ಮೂಟೆಗೆ ಕೊಕ್ಕೆ ಚುಚ್ಚಿ ನಾಲ್ಕು ಕಾಳು ಎಳೆದು ನೋಡದೆ ಸ್ವಂತ ತಮ್ಮನ ಅಕ್ಕಿಯನ್ನೂ ಇಳಿಸಿಕೊಂಡವರಲ್ಲ. ಗೋಡೌನಿನಲ್ಲಿದ್ದವರು ನಾವು ಮೂವರು, ಜೊತೆಗೆ ಯಜಮಾನರು. ನಮ್ಮ ಮೂವರದೂ ಹೆಸರು ಅರ್ಜಿಯಲ್ಲಿತ್ತು. ಯಜಮಾನರದು ಇರಲಿಲ್ಲ. ಇನ್ನೇನು ಬೇಕು, ಕಳ್ಳ ಸಿಕ್ಕಿದ ಎಂದುಕೊಂಡೆ.

ಅಷ್ಟರಲ್ಲಿ ಅವರೇ ಬಸ್ಸು ಹಿಡಿದು ನಂಜನಗೂಡಿಗೆ ಬಂದರು. ನಾನು ಇಲ್ಲವೆಂದು ಹೇಳಿಸಿದೆ. ಎರಡು ದಿನ ಬಿಟ್ಟು ಮತ್ತೆ ಬಂದರು. ಮತ್ತೆ ಇಲ್ಲವೆನ್ನಿಸಿದೆ. ಮೂಟೆಗಳ ಸಂದಿಯಿಂದ ನೋಡುತ್ತಿದ್ದೆ. ಚಪ್ಪಲಿ ಬಾಗಿಲ ಹೊರಗೆ ಬಿಟ್ಟು, ಒಳಗೆ ಕಾಲಿಡದೆ, ಬಗ್ಗಿ ಬಗ್ಗಿ ಹುಡುಕುತ್ತಿದ್ದರು. ಎಷ್ಟು ಚೆನ್ನಾಗಿ ನಾಟಕ ಆಡುತ್ತಾನೆ ಎಂದು ಮನಸ್ಸಿನಲ್ಲೇ ಏಕವಚನಕ್ಕೆ ಇಳಿದಿದ್ದೆ. ಇವತ್ತು ಅದನ್ನು ಬರೆಯಲು ನಾಚಿಕೆಯಾಗುತ್ತದೆ.

ಮೂರನೆಯ ಸಲ ಬಸ್‌ಸ್ಟ್ಯಾಂಡಿನಲ್ಲಿ ಎದುರಿಗೇ ಸಿಕ್ಕಿಬಿಟ್ಟರು.

"ಆ ಮೂರು ಏಟು ಸೇರಿಸ್ಬುಡಿ ಸಾ. ಅಂಗೇ ಬುಡ್ಬಾರ್ದು."

"ಅರ್ಜಿ ಬರೆಸಿದ್ದು ನೀವೇ ತಾನೆ?" ಎಂದೆ.

ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಬೇರೆಯಾಯಿತು. "ನಾನ್ಯಾಕ್ ಸಾ ಬರೆಸ್ಲಿ? ಆ ಆಡಲ್ಲಿ ಬಡ್ದಿರೋದು ನನ್ನ ಕೈಯಲ್ವಾ," ಎಂದರು. ಅಷ್ಟೇ. ನರಸೀಪುರದ ಬಸ್ಸು ಬಂತು, ಹತ್ತಿಕೊಂಡರು. ಬಸ್ಸು ಹೋದ ಮೇಲೂ ನಾನು ಯೋಚಿಸುತ್ತಿದ್ದದ್ದು, ಇವರಿಗೆ ಬರೆದುಕೊಟ್ಟವರು ಯಾರಿರಬಹುದು ಎಂದೇ.

ಠಾಣೆಯವರು ಒಂದಿಷ್ಟು ಬುದ್ಧಿ ಹೇಳಿ ಬಿಟ್ಟರು. ಬ್ಯಾಂಡು ಮುರಿಯಿತು. ಒಂದು ವರ್ಷದ ಮೇಲೆ ನರಸೀಪುರದ ಸಂತೆಬೀದಿಯಲ್ಲಿ, ಮೊಬೈಲಿಗೆ ಹಾಡು ಹಾಕಿಕೊಡುವ ಅಂಗಡಿಯವನೊಬ್ಬ ನನ್ನ ಗುರುತು ಹಿಡಿದು ತಾನಾಗಿಯೇ ಹೇಳಿದ: "ನಿಮ್ಮಾಡು ಆಕ್ದಾಗೆಲ್ಲ ಆ ಯಜಮಾನ್ರು ಬಂದು ನಿಂತ್ಕೋತಿದ್ರು ಕಣ್ರೀ. ಆಡು ಮುಗಿಯೋಗಂಟ ಕಾದು ಈ ಗಾಜಿನ ಮೇಲೆ ಬೆರಳಲ್ಲಿ ಮೂರು ಏಟು ಕುಟ್ಟೋರು. ಯಾಕೆ ಅಂತ ಕೇಳುದ್ರೆ, ಅರ್ಧಕ್ಕೆ ನಿಂತದೆ ಕಣಪ್ಪ, ಕೇಳ್ದೋರ ಮನೇಲಿ ಸಾವು ಕುಂತ್ಕೋಬಾರ್ದು ಅನ್ನೋರು. ದಿನಾ ಬರೋರು."

ಸಂತೆಗೆ ಬಂದವರೆಲ್ಲ ಅದನ್ನು ನೋಡಿದ್ದರು. ಅರ್ಜಿಯನ್ನು ಅವರಲ್ಲಿ ಯಾರು ಬೇಕಾದರೂ ಬರೆದಿರಬಹುದು. ತಮಟೆ ಹೊಡೆದವರು ಯಾರೆಂಬುದೂ ಹಾಗೆಯೇ ಬಯಲಾಯಿತು. ಮದುವೆಗೆ ಕರೆಯುವುದನ್ನು ಜನ ನಿಲ್ಲಿಸಿದರು. ಕೇರಿಯ ಮಾತನ್ನು ಅಪ್ಪ ಮುರಿದರೆಂದು ಮಗ ಬೇರೆ ಒಲೆ ಹೂಡಿದ. ಯಾವುದಕ್ಕೆ ಹೆದರಿ ಹೆಸರು ಬೇಡ ಎಂದಿದ್ದರೋ ಅದೆಲ್ಲವೂ ಆಗಿಹೋಗಿತ್ತು. ನಾನು ಮೂರು ಏಟು ಮರಳಿ ಅಂಟಿಸಿದ್ದರೆ ಅವರು ಆ ಅಂಗಡಿಯ ಮುಂದೆ ನಿಲ್ಲಬೇಕಾಗಿರಲಿಲ್ಲ. ಕ್ಷಮೆ ಕೇಳಲು ಒಮ್ಮೆ ಹೋದೆ. ಬಾಗಿಲಿಗೆ ಬೀಗ ಹಾಕಿತ್ತು. ಸದ್ಯ, ಎಂದುಕೊಂಡು ವಾಪಸ್ಸು ಬಂದೆ... ಮತ್ತೆ ಹೋಗಲಿಲ್ಲ.

ಅವರು ತೀರಿಕೊಂಡ ಸುದ್ದಿ ತಿಳಿದು ಹೋದಾಗ ಮಣ್ಣಿಗೆ ಹೊರಡುವ ಹೊತ್ತಾಗಿತ್ತು. ತಮಟೆ ಇರಲಿಲ್ಲ. ಕೇರಿಯ ತೀರ್ಮಾನ ಹಾಗೆಯೇ ಇತ್ತು, ಆ ಹೊಡೆತ ಬಲ್ಲವರೂ ಯಾರೂ ಉಳಿದಿರಲಿಲ್ಲ. ದೊಡ್ಡ ಮಗ ಒಂದು ಬ್ಲೂಟೂತ್ ಸ್ಪೀಕರನ್ನು ಎದೆಗೆ ಅವುಚಿಕೊಂಡು ಮುಂದೆ ನಡೆಯುತ್ತಿದ್ದ. ಅದರಲ್ಲಿ ನನ್ನ ಹಾಡು. ನನ್ನನ್ನು ನೋಡಿ, "ಅಪ್ಪನ್ ಕೈ ಅಲ್ವಾ ಸಾ," ಎಂದ.

ಗುಂಡಿಯ ಹತ್ತಿರ ಹಾಡು ಕೊನೆಗೆ ಬಂತು. ನನ್ನ ಗಿಟಾರು ಕೂಗಿ ಕೂಗಿ ಕರಗಿತು. ಆಮೇಲೆ ಒಂದು ಕ್ಷಣ ಏನೂ ಇಲ್ಲ. ಅದರ ಹಿಂದೆಯೇ ಸೋಪಿನ ಜಾಹೀರಾತು ಶುರುವಾಯಿತು. ಮಗ ತಡಬಡಾಯಿಸಿ ಫೋನು ಆಫ್ ಮಾಡಿ ನನ್ನ ಕಡೆ ತಿರುಗಿದ.

"ಇಷ್ಟೇನಾ ಸಾ ಅಪ್ಪ ಒಡ್ದಿದ್ದು?"

"ಇಷ್ಟೇ ಕಣಪ್ಪ," ಎಂದೆ.

ಅವನು ತಲೆಯಾಡಿಸಿ ಮಣ್ಣು ಹಾಕಿದ.

ಆ ಮೂರು ಏಟು ನನ್ನ ಕಂಪ್ಯೂಟರಿನಲ್ಲಿ ಇವತ್ತಿಗೂ ಇದೆ. ಮಗನ ನಂಬರೂ ಇದೆ. ಕಳಿಸೋಣವೆಂದು ಎಷ್ಟೋ ಸಲ ಫೋನು ಕೈಗೆತ್ತಿಕೊಂಡಿದ್ದೇನೆ. ಕಳಿಸಿದರೆ, ಅಪ್ಪನ ಗುಂಡಿಯ ಮುಂದೆ ನಿಂತು ನಾನು ಸುಳ್ಳು ಹೇಳಿದೆನೆಂದು ಅವನಿಗೆ ಗೊತ್ತಾಗುತ್ತದೆ. ಮೊನ್ನೆಯೂ ಮನೆಗೆ ಬಂದು ಒಬ್ಬನೇ ಕೂತು ಅದನ್ನು ಕೇಳಿದೆ. ಅವನಿಗೆ ಕಳಿಸಲಿಲ್ಲ.